ನುಣುಪು

ಮೂವತ್ತೊಂದು ವರ್ಷ ಕಲ್ಲು ಉಜ್ಜಿದ ಕೈ ಇದು.
ಸ್ವೀಡನ್ನಿನ ಕರಿಕಲ್ಲಿನಲ್ಲಿ ನನ್ನ ಮೀಸೆಯ ಬಿಳಿಗೂದಲು
ಎಣಿಸಲು ಬರುವ ತನಕ ಕೂಲಿ ಕೇಳಿದವನಲ್ಲ.
ಬೆರ್ತಲಾನನ ಗೋರಿಗೂ ಹಾಗೇ ಉಜ್ಜಿದೆ:
ಮಲಗಿಸಿದ ಚಪ್ಪಡಿ, ಹೆಸರು, ಎರಡು ಇಸವಿ,
ಮೂಲೆಯಲ್ಲೊಂದು ಮೀನು. ಅದು ಲೆಕ್ಕಕ್ಕಲ್ಲ, ಸ್ನೇಹಕ್ಕೆ.

ಆಗಸ್ಟಿನಲ್ಲಿ ಎತೆಲ್ಕಾ ಬಂದಳು, ಬಾಗಿಲಲ್ಲೇ ನಿಂತಳು:
"ಲೋರಿಂತ್ಸ್, ನಿನ್ನ ಕಲ್ಲಿನ ಮೇಲೆ ಹುಳ ಮೊಟ್ಟೆ ಇಡ್ತಿವೆ."

ಹೋಗಿ ನೋಡಿದೆ. ಕೆಂಪು ಏರೋಪ್ಲೇನ್ ಚಿಟ್ಟೆಗಳು,
ಗಂಡು ಮುಂದೆ, ಹೆಣ್ಣು ಹಿಂದೆ, ಕೊಂಡಿ ಹಾಕಿಕೊಂಡು
ಬಾಲದ ತುದಿ ಅದ್ದಿ ಅದ್ದಿ ಏಳುತ್ತಿವೆ.
ಅದ್ದಲು ಅಲ್ಲೇನಿದೆ? ಕಾದ ಕಲ್ಲು.
ಇನ್ನೂರು ಹೆಜ್ಜೆಯಾಚೆ ತಿಸಾ ಹರಿಯುತ್ತಿದೆ,
ಅಸಲಿ ನೀರು, ಕೇಳುವವರಿಲ್ಲ.

ಮೀನು ಮಾರುವ ಯೂಲಿಶಳ ಮೊಮ್ಮಗಳು ಎನಿಕೊ
ಸೆಗೆದ್‌ನಲ್ಲಿ ಕೀಟಗಳ ಕಣ್ಣು ಓದುತ್ತಾಳೆ.
ಅವಳು ಕೊಟ್ಟ ಬಿಲ್ಲೆಗಾಜು ಹಿಡಿದು ತಿರುಗಿಸಿದೆ.
ಒಂದು ಮಗ್ಗುಲಿಗೆ ಕಲ್ಲು ಥಳಥಳ.
ಇನ್ನೊಂದಕ್ಕೆ, ಯಾರೋ ಊದಿ ಆರಿಸಿದ ಹಾಗೆ.
ನದಿಯತ್ತ ಹಿಡಿದೆ. ಅಲ್ಲೂ ಅದೇ.
"ಬಿಸಿಲು ನೆಟ್ಟಗೆ, ಓರೆ, ಹೇಗೆಂದರೆ ಹಾಗೆ ನಡುಗುತ್ತ ಬರುತ್ತೆ, ಮಾವ.
ನುಣುಪಿನ ಮೇಲೆ ಜಾರಿದಾಗ ಮಟ್ಟಸ ಮಲಗಿಬಿಡುತ್ತೆ.
ಮಲಗಿದ ಬೆಳಕು ಕಂಡರೆ ಇವಕ್ಕೆ ಅದೇ ನೀರು.
ಒದ್ದೆ ನೋಡಲ್ಲ, ತಂಪು ನೋಡಲ್ಲ."
ನಮ್ಮ ಕಣ್ಣಿಗೆ ಆ ಜರಡಿ ಇಲ್ಲ.
ನಮ್ಮ ಮಾತಲ್ಲಿ ಈ ಚಿಟ್ಟೆಗೆ ಜರಡಿ ಕಟ್ಟುವವ ಎಂದೇ ಹೆಸರು;
ಯಾವ ಅಜ್ಜಿ ಇಟ್ಟಳೋ, ಏನು ಕಂಡು ಇಟ್ಟಳೋ.

ರಾತ್ರಿ ಕಣ್ಣು ಹತ್ತಲಿಲ್ಲ. ಲೆಕ್ಕ ಹಾಕಿದೆ:
ಈ ಸ್ಮಶಾನವೊಂದರಲ್ಲೇ ನಾನು ತೋಡಿದ ಕೆರೆ ನಲವತ್ತಾರು.
ಒಂದರಲ್ಲೂ ಬೊಗಸೆ ನೀರಿಲ್ಲ.

"ಬಸುರಿ ಮೀನು ಬಲೆಗೆ ಬಿದ್ದರೆ
ಬಯ್ಯುತ್ತ ಬಯ್ಯುತ್ತ ವಾಪಸ್ ಬಿಡ್ತಿದ್ದ ನನ್ನ ಗಂಡ,"
ಎಂದಳು ಎತೆಲ್ಕಾ. "ಒರಟು ಮಾಡು."

ಅರವತ್ತರ ಉಜ್ಜುಕಲ್ಲು ಹಿಡಿದು ಕೂತೆ.
ಹತ್ತು ದಿನದ ಕೆಲಸ ಅರ್ಧ ದಿನಕ್ಕೆ ಅಳಿಸಿತು.
ಮೀಸೆ ಮೊದಲು ಹೋಯಿತು, ಆಮೇಲೆ ಮುಖ,
ಆಮೇಲೆ ನನ್ನ ಹಿಂದಿದ್ದ ಆಕಾಶ.
ಮೀನಿಗೆ ಮಾತ್ರ ಕೈ ಹಚ್ಚಲಿಲ್ಲ;
ಹೆಬ್ಬೆರಳಗಲದ ಹೊಳಪಿನಿಂದ ಯಾರಿಗೆ ಮೋಸ?

ನಿನ್ನೆ ಸಣ್ಣ ಮಳೆ ಬಂದು ಹೋಯಿತು, ಬೆನ್ನಿಗೇ ಬಿಸಿಲು.
ಒದ್ದೆ ಕಲ್ಲು ಮತ್ತೆ ಕಪ್ಪು, ಮತ್ತೆ ಮಟ್ಟಸ.
ಎಲ್ಲಿಂದಲೋ ಮತ್ತೆ ಒಂದು ಜೋಡಿ
ಗಾಳಿಯಲ್ಲೇ ನಿಂತು ಯೋಚಿಸುತ್ತಿತ್ತು.
ಕೊಡೆ ಬಿಚ್ಚಿ ಬೆರ್ತಲಾನನ ಮೇಲೆ ಹಿಡಿದೆ.
ಬೇಲಿಯಾಚೆ ಸೈಕಲ್ಲು ನಿಲ್ಲಿಸಿ ಅಂಚೆಯವ ಕೂಗಿದ:
"ಮಳೆ ನಿಂತಾಯ್ತಲ್ಲೋ! ಸತ್ತವನು ಇನ್ನೇನು ನೆನೀತಾನೆ?"

ಉತ್ತರ ಕೊಡಲಿಲ್ಲ. ಮೂಲೆಯಲ್ಲಿ, ಮೀನಿನ ಕಣ್ಣಿನ ಕುಳಿಯಲ್ಲಿ
ಇನ್ನೂ ಒಂದು ಹನಿ ಆರಬೇಕಿತ್ತು.