ಒಂದು ಸೊನ್ನೆ

ಸಾಸವಡದ ಪೇಟೆ ಇನ್ನೂ ಕಣ್ಣುಜ್ಜಿಕೊಳ್ಳುತ್ತಿತ್ತು.
ಬುಟ್ಟಿಗಳ ತಳಕ್ಕೆ ಅಂಜೂರದ್ದೇ ಎಲೆ ಹಾಸಿ,
ಹಮಾಲರು ಬೀಡಿ ಹಚ್ಚಿ ಕೂತಿದ್ದ ಹೊತ್ತು.
ಯಾರದೋ ಹಳೇ ವಾಡೆಯ ಕಲ್ಲುಗೋಡೆಗೆ
ನಮ್ಮ ನಾಲ್ಕೂ ಸೈಕಲ್ಲು ಒರಗಿಸಿ ಚಹಾ ಕುಡಿದೆವು.
ಚಹಾದವನು ನನ್ನ ಟೈರು ಹಿಚುಕಿ ನೋಡಿ
ಗಾಳಿ ಕಡಿಮೆ ಇದೆಯಲ್ಲ ಮಾವಶೀ, ಎಂದ.
ಕಡಿಮೆಯೇ ಇರಬೇಕು, ಅದಕ್ಕೇ ಇಷ್ಟು ದುಡ್ಡು
ಎಂದು ಹೇಳಲು ನಾಚಿ, ನಕ್ಕು, ಹೊರಟೆ.

ಕರ್ಹಾ ದಾಟಿದ ಮೇಲೆ ಡಾಂಬರು ಬಿಟ್ಟೆವು.
ಡಾಂಬರಿಗೆ ಒಂದೇ ಸ್ವರ, ಉದ್ದಕ್ಕೂ.
ಗರಸಿಗೆ ಹಾಗಲ್ಲ; ಹುರಿಗಡಲೆ ಜಗಿಯುತ್ತದೆ,
ತಿರುವಿನಲ್ಲಿ ನುಸುಕು ಮರಳಾಗಿ
ಹಿಂದಿನಿಂದ ಸೆರಗು ಹಿಡಿದು ಜಗ್ಗುತ್ತದೆ,
ಮತ್ತೆ ಬಿಟ್ಟುಕೊಟ್ಟು, ಹೋಗು ಎನ್ನುತ್ತದೆ.
ಅಂಗೈ, ಮೊಣಕೈ, ದವಡೆಯ ಕೊನೆಯ ಹಲ್ಲು,
ಎಲ್ಲಕ್ಕೂ ಸುದ್ದಿ ಮುಟ್ಟುತ್ತದೆ.
ನಲವತ್ತೊಂಬತ್ತು ವರ್ಷ ಹೊತ್ತ ಮೈ
ಎಲುಬೆಲುಬಾಗಿ ಎದ್ದು ಹಾಜರಿ ಹೇಳುತ್ತದೆ.

ಎಡಕ್ಕೆ ಪುರಂದರದ ಕೋಟೆ, ಹೆಗಲ ಮೇಲೆ ಮಂಜಿನ ಟವೆಲು.
ಬಲಕ್ಕೆ ಅಂಜೂರದ ತೋಟ, ಹಕ್ಕಿಗೆ ಹೆದರಿ ಬಲೆ ಹೊದ್ದು.
ನಿನಾದ, ಮೃಣ್ಮಯಿ, ಆ ಪಾರಸಿ ಹುಡುಗ ಕೇಕಿ
ಏರಿ ಹತ್ತಿ ಧೂಳಾಗಿ ಹೋಗಿದ್ದರು.
ನಾನೊಬ್ಬಳೇ. ಇಳಿಜಾರು. ಬ್ರೇಕು ಮರೆತ ಎರಡು ನಿಮಿಷ.
ವಾರವಿಡೀ ವಿಮಾ ಕಚೇರಿಯಲ್ಲಿ ಕೂತು
ಬೇರೆಯವರ ಅಪಘಾತಗಳಿಗೆ ಬೆಲೆ ಕಟ್ಟುವವಳು
ಅಂದು ಯಾವ ಕಾಲಂನಲ್ಲೂ ಇರಲಿಲ್ಲ.

ಆಮೇಲೆ ಹೊಸದಾಗಿ ಸುರಿದ ಜಲ್ಲಿ ಬಂತು.

ಬಿದ್ದದ್ದು ನೆನಪಿಲ್ಲ. ಕೂಗಿದ್ದು ನೆನಪಿದೆ:
ಯವ್ವಾ!
ಅಷ್ಟಕ್ಕೇ ಬೇವಿನ ನೆರಳಿನಿಂದ ಒಂದು ಸುತ್ತಿಗೆ ನಿಂತಿತು.
'ಯಾವೂರವ್ವಾ ನಿಂದು? ನಮ್ಮಾಕಿ ಬಿದ್ದಂಗ ಬಿದ್ದಿಯಲ್ಲ!'

ಸಾಬಮ್ಮ. ಶಹಾಪುರದ ಕಡೆಯವಳು.
ಎಣ್ಣೆ ಡಬ್ಬಿಯ ನೀರಲ್ಲಿ ನನ್ನ ಮೊಣಕಾಲು ತೊಳೆದು,
ಹೊಕ್ಕ ಹರಳನ್ನು ಉಗುರಿನಿಂದ ಮೀಟಿ ತೆಗೆದು,
ಬೆಳಕಿಗೆ ಹಿಡಿದು ನೋಡಿ ಗುರುತು ಹಚ್ಚಿದಳು:
'ಇದು ನಂದs. ನಿನ್ನೆ ಒಡದದ್ದು.'

ಇಬ್ಬರೂ ನಕ್ಕೆವು. ಅವಳು ಹೆಚ್ಚು ಹೊತ್ತು.

ಆಮೇಲೆ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದಳು,
ದನದ ಸಂತೆಯಲ್ಲಿ ಎತ್ತು ನೋಡುವವರ ಹಾಗೆ.
'ಕ್ಯಾರಿಯರ್ ಇಲ್ಲ. ಘಂಟಿ ಇಲ್ಲ. ಸ್ಟ್ಯಾಂಡೂ ಇಲ್ಲ.
ಮಂದಿ ಹೇರಂಗಿಲ್ಲ, ಹುಲ್ಲು ಹೇರಂಗಿಲ್ಲ.
ಪುಣೇದಾಗ ಡಾಂಬರ್ ರೋಡ್ ಇಲ್ಲೇನು,
ಈ ಕಲ್ಲಾಗ ಬಂದು ಬೀಳಾಕ?'

ಇದೆ, ಎಂದೆ. ತುಂಬಾ ಇದೆ.

'ಎಷ್ಟು ಕೊಟ್ಟಿ ಇದಕ್ಕ?'

ಒಂದು ಲಕ್ಷ ಇಪ್ಪತ್ತು ಸಾವಿರ ಎಂಬುದು
ಗಂಟಲವರೆಗೆ ಬಂದು, ಅವಳ ಕೈ ನೋಡಿತು.
ಹೆಬ್ಬೆರಳಿಗೆ ಸುತ್ತಿದ ಸೈಕಲ್ ಟ್ಯೂಬಿನ ತುಂಡು,
ಕಲ್ಲು ಒಡೆಯುವಾಗಿನ ಅವಳ ಕೈಚೀಲ.
ಹನ್ನೆರಡು ಸಾವಿರ, ಎಂದೆ.

'ಹನ್ನೆರಡು ಸಾವ್ರ!' ಸಾಬಮ್ಮ ತಲೆ ಮೇಲೆ ಕೈ ಇಟ್ಟಳು.
'ಮೋಸ ಮಾಡ್ಯಾರವ್ವಾ. ನಮ್ಮೂರಾಗ ನಾಕು ಸಾವ್ರಕ್ಕ
ಕ್ಯಾರಿಯರ್ ಸುದ್ದಾ ಕೊಡತಾರ. ಕೇಳಿ ತಗೋಬೇಕಿಲ್ಲೊ?'

ಬರುವ ವಾರ ಇಲ್ಲಿಗೆ ಡಾಂಬರು ಬರುತ್ತದಂತೆ.
ಆಗ ಬಾ, ಬೀಳುವುದಿಲ್ಲ, ಎಂದಳು.
ಡಾಂಬರು ಬಂದ ದಿನ ನಾವು ಮುಂದಿನ ಊರಿಗೆ, ಎಂದೂ.
ಒಳ್ಳೆಯ ಸುದ್ದಿ ಹೇಳುವ ದನಿಯಲ್ಲೇ ಎರಡನ್ನೂ.
ನಾನು ತಲೆಯಾಡಿಸಿದೆ. ಮತ್ತೇನು ಮಾಡಲಿ?
ಡಾಂಬರು ಬೇಡ ಎಂದು ಯಾರಿಗೆ ಹೇಳಲಿ,
ದಿನಗೂಲಿಗೆ ಕಲ್ಲನ್ನು ಸಣ್ಣದು ಮಾಡುವವಳಿಗೆ?

ಹೊರಟಾಗ ಸೀಟನ್ನು ಹಿಂದಿನಿಂದ ಹಿಡಿದು
ಹತ್ತು ಹೆಜ್ಜೆ ಓಡಿ ಬಂದಳು,
ಮಗುವಿಗೆ ಕಲಿಸುವವರ ಹಾಗೆ. ಯಾವಾಗ ಬಿಟ್ಟಳೋ ತಿಳಿಯಲಿಲ್ಲ.

ಪೇಟೆಯಲ್ಲಿ ಈಗ ಅಂಜೂರದ ಸವಾಲು ಜೋರಾಗಿತ್ತು.
ಕೇಕಿ ಮೊಣಕಾಲು ನೋಡಿ, ಎಷ್ಟು ಹೊಲಿಗೆ ಬೇಕಾದೀತು ಎಂದ.
ನಾನು ಅರ್ಧ ಕಿಲೋ ಹಣ್ಣು ಕೊಂಡೆ,
ಕೇಳಿ, ಚೌಕಾಸಿ ಮಾಡಿ, ಹತ್ತು ರೂಪಾಯಿ ಬಿಡಿಸಿ.
ಇಡಲು ಕ್ಯಾರಿಯರ್ ಇರಲಿಲ್ಲ.

ದಿವೇಘಾಟಿನ ಇಳಿಜಾರಿನುದ್ದಕ್ಕೂ
ಹಣ್ಣಿನ ಚೀಲ ಹಲ್ಲಲ್ಲಿ ಕಚ್ಚಿ,
ಕೆಳಗೆ ನೋಡುತ್ತ ಇಳಿದೆ:
ಎರಡು ಸೊನ್ನೆ, ಒಂದರ ಹಿಂದೊಂದು, ಉರುಳುತ್ತಿವೆ.
ಅದರಲ್ಲೊಂದನ್ನು ನಾನು ಆ ಬೇವಿನ ಕೆಳಗೆ
ಬಿಟ್ಟುಬಂದೆ ಎಂದುಕೊಂಡಿದ್ದೆ.