ಗಂಟು ಬಿಡಿಸೋರು

ಭಾಗ್ಯನಗರದ ಹಿಂದಿನ ಗಲ್ಲಿ, ಪತ್ರಾಸಿನ ಶೆಡ್ಡು.
ಹನ್ನೊಂದು ಮಂದಿ ಕುಂತೀವಿ, ಮುಂದ ಮುಳ್ಳಿನ ಹಲಗಿ,
ಯಾರ್ಯಾರದೋ ಕೂದಲ ಎಳೀತೀವಿ.

ಹಣಗಿಗೆ ಸಿಕ್ಕಿದ್ದು, ಗ್ವಾಡಿ ಸಂದ್ಯಾಗ ತುರುಕಿಟ್ಟಿದ್ದು,
ಸ್ಟೀಲಿನ ಡಬರಿಗೆ, ಪಿನ್ನಿಗೆ, ಬಲೂನಿಗೆ ಮಾರಿದ್ದು,
ಚೀಲ ಚೀಲ ಬಂದು ಬೀಳತಾವ.
ಬಿಚ್ಚಿದರ ಒಂದ ನಾತ: ಕೊಬ್ರಿ ಎಣ್ಣಿ, ಬೆವರು, ಹಳೇ ಜ್ವರ.
ಒಂದು ಗಂಟಿನ್ಯಾಗ ಕೆಂಪು ರಿಬ್ಬನ್ನಿನ ಚೂರಿತ್ತು;
ರಾಜಾಬಿ ಅದನ್ನ ಒಗೀಲಿಲ್ಲ,
ಸಂಘದ ಪುಸ್ತಕದಾಗ ಇಟಗೊಂಡ್ಲು.

ಧೂಳು ಕಣ್ಣಿಗೆ ಕಾಣೂದಿಲ್ಲ.
ಪತ್ರಾಸಿನ ತೂತಿನಿಂದ ಬಿಸಲಕೋಲು ಬಿದ್ದಾಗಷ್ಟ
ನಡುಮನ್ಯಾಗ ನಿಂತು ಕುಣಿತೈತಿ.
ಒಳಗಿನ ಕ್ವಾಣ್ಯಾಗ ಬಣ್ಣ ತಗಿಯೋ ಬಿಳೀ ಪುಡಿ.
ಡಬ್ಬಿ ಮುಚ್ಚಳ ತಗದರ ಸಾಕು
ಎದಿಮ್ಯಾಲ ಬೀಸೂಕಲ್ಲು.

ಮೊದಲ ಕೆಮ್ಮು. ಆಮ್ಯಾಲ ರಾತ್ರಿ ಸಿಳ್ಳಿ.
ಮಗ ಅಂದ: ಯವ್ವಾ, ನಿನ್ನ ಎದಿಯಾಗ ಬೆಕ್ಕಿನ ಮರಿ ಐತೇನು?
ಅತ್ತಿ ಅಂದ್ಲು: ತಂಪಿಂದು ತಿಂತಾಳ.
ಮೇಸ್ತ್ರಿ ಈರಪ್ಪ ಅಂದ: ಹವಾ ಬದಲಿ ಆಗೈತಿ, ಮಾರಿಗೆ ಸೆರಗು ಕಟಗೋ.
ಯಾರೋ ಬಾಳಿಹಣ್ಣಿನಾಗ ಔಷಧ ಕೊಡತಾರಂದ್ರು,
ಅದನ್ನೂ ನುಂಗಿದ್ನಿ.

ದೊಡ್ಡಾಸ್ಪತ್ರಿ ಡಾಕ್ಟರಮ್ಮ ಸಣ್ಣ ವಯಸ್ಸಿನಾಕಿ.
ಕೊಳವಿ ಹಚ್ಚೂಕಿಂತ ಮೊದಲ ಕೇಳಿದ್ಲು:
ಸೂಟಿ ದಿನ ಹೆಂಗಿರತೀರಿ?

ಸೂಟಿ?
ತಂಗಿ ಬಾಣಂತನಕ್ಕ ಅಳವಂಡಿಗೆ ಹೋಗಿದ್ನಿ, ಒಂಬತ್ತು ದಿನ.
ನಾಕನೇ ದಿನ ಕೂಸಿಗೆ ಜೋಗುಳ ಹಾಡೀನಿ, ಪೂರ್ತಿ.
ಎಂಟನೇ ದಿನ ಕೊಡ ಹೊತ್ತು ದಿಬ್ಬ ಏರೀನಿ,
ನಡುವ ಎಲ್ಲೂ ನಿಲ್ಲದ.
ತಿರುಗಿ ಬಂದು ಶೆಡ್ಡಿನ ಬಾಗಲದಾಗ ಚಪ್ಪಲಿ ಬಿಡೂದ್ರಾಗ
ಬೆಕ್ಕಿನ ಮರಿ ಎದ್ದಿತ್ತು.

ಹೇಳಿದ್ನಿ. ಆಕಿ ಪೆನ್ನು ನಿಂತಿತು.
ಕೆಲಸದಿಂದ ಬಂದ ದಮ್ಮು ಇದು, ಅಂದ್ಲು,
ಕಡೀ ಬಸ್ಸು ಹೋತು ಅನ್ನೂ ಹಂಗ.
ಬಿಡಾಕ ಆಗತೈತೇನು?

ಕಿಲೋ ಲೆಕ್ಕದ ಪಗಾರ ನನ್ನದು.
ಮನಿ ಬಾಡಿಗಿ, ಮಗನ ಸಾಲಿ, ಸಂಘದ ಕಂತು,
ಈ ಗಂಟು ಯಾವ ಹಣಗಿಗೂ ಬಿಡೂದಿಲ್ಲ.
ನೀಲಿ ಪಂಪು ಬರದು ಕೊಟ್ಲು. ಕುಪ್ಪಸದಾಗ ಇಟಗೊಂಡೀನಿ,
ತಾಳಿ ಪಕ್ಕಕ್ಕ. ಎರಡೂ ಕುತ್ತಿಗಿಗೆ ಒತ್ತತಾವ.

ಈ ಕೂದಲ ಹಡಗ ಹತ್ತತೈತಂತ,
ಬೋಳಾದ ತಲಿಗೆ ಜಡಿ ಆಗತೈತಂತ. ಆಗಲಿ.
ನಂಗ ಬ್ಯಾರೇದೊಂದು ಹತ್ತೈತಿ:
ಮರುದಿನ ಎಳೀತ ಎಳೀತ ಪಕ್ಕದಾಕಿಗೆ ಕೇಳಿದ್ನಿ,
ಸೂಟಿ ದಿನ ಹೆಂಗಿರತೀಯವಾ?
ಆಕಿ ಆಚಿಕಡಿಯಾಕಿಗೆ ಕೇಳಿದ್ಲು.
ಗ್ವಾಡಿ ಮುಟ್ಟಿ ತಿರುಗಿ ಬಂತು ಮಾತು.
ಮೇಸ್ತ್ರಿ ಬಾಗಲದಾಗ ನಿಂತಿದ್ದ, ಬೀಡಿ ಹಚ್ಚೂದ ಮರತು.

ರಾಜಾಬಿ ಕೂದಲ ಕೆಳಗಿಟ್ಟು
ಹೋದ ರಂಜಾನಿನ ಸೂಟಿ ಮೂರು ದಿನ
ಬೆರಳಿನ್ಯಾಗ ಎಣಸಾಕ ಹತ್ತಿದ್ಲು.