ಹಸಿರು ಕ್ರೇಟು, ನೀಲಿ ಕ್ರೇಟು

ಹಸಿರು ಕ್ರೇಟು ಅಂದರೆ ಚೌಡರೆಡ್ಡಿ ಮಂಡಿ.
ನೀಲಿ, ದಸ್ತಗೀರ್ ಸಾಬರದು.
ಹನ್ನೊಂದು ವರ್ಷ ಕೋಲಾರದ ಟೊಮೇಟೊ ಮಾರ್ಕೆಟ್ಟಿನಲ್ಲಿ
ಚೀಟಿ ಅಂಟಿಸಿ ನಾನು ಕಲಿತ ಮಗ್ಗಿ ಇಷ್ಟೇ,
ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಿದ್ದೆ.

ಒಂದು ಸೋಮವಾರ ಅವರಿಬ್ಬರೂ
ಅದೇನೋ ಹಳೇ ಬಾಕಿ ಚುಕ್ತಾ ಮಾಡಿಕೊಂಡು
ಕ್ರೇಟುಗಳನ್ನೇ ಅದಲುಬದಲು ಮಾಡಿಕೊಂಡರು.
ಅಂತರಗಂಗೆ ಬೆಟ್ಟದ ತಲೆ ಇನ್ನೂ ಕಪ್ಪಗಿತ್ತು,
ಲೋಡು ಅರ್ಧ ಆದಮೇಲೆ ನಮಗೆ ಹೇಳಿದರು.

ಹಸಿರು ಕಂಡರೆ ಕೈ ರೆಡ್ಡಿ ಕಡೆ ಓಡುತ್ತೆ,
ಬಾಯಿ ಸಾಬರು, ಸಾಬರು ಅನ್ನುತ್ತಲೇ ಇರುತ್ತೆ.
ನಾಗಪುರಕ್ಕೆ ಹೋಗಬೇಕಾದ ಹಣ್ಣು
ವೆಲ್ಲೂರಿನಲ್ಲಿ ಇಳಿಯಿತು.
ತೆಲುಗಿನಲ್ಲಿ ಒಬ್ಬರು ಬೈದರು, ಉರ್ದುವಿನಲ್ಲಿ ಒಬ್ಬರು.
ಎರಡೂ ಅರ್ಥವಾಗುತ್ತೆ ನನಗೆ, ಅದೇ ಕರ್ಮ.

ಪಾಪಮ್ಮನ ಮಗಳು ಸುಗುಣ ಮಾತ್ರ
ಒಂದು ಚೀಟಿಯೂ ತಪ್ಪಲಿಲ್ಲ.
ಹೆಂಗೇ? ಅಂದೆ.
‘ಸೇರಿದ ದಿನವೇ ರೈಟರು ಹೇಳಿದ್ದರಕ್ಕ,
ಈ ಬಣ್ಣ ನಂಬಬೇಡ, ಯಾವತ್ತಾದರೂ ತಿರುಗುತ್ತೆ ಅಂತ.
ಅದಕ್ಕೇ ಪಕ್ಕದಲ್ಲಿ
ಇನ್ನೊಂದಕ್ಕೆ ಜಾಗ ಗುಡಿಸಿ ಇಟ್ಟಿದ್ದೆ.’

ನನಗೂ ಹಾಗೆ ಯಾರಾದರೂ ಹೇಳಬಹುದಿತ್ತು.
ಧಾರೆಯ ದಿನ ಎಲ್ಲರೂ ನೂರು ವರ್ಷ ಅಂದರು.
ನೂರಕ್ಕೇ ಅಂತ ಕಲಿತೆ:
ಕದಿರಪ್ಪ ಎಡಚ, ನೀರಿನ ಚೊಂಬು
ತಟ್ಟೆಯ ಎಡಕ್ಕೆ.
ಆರನೇ ವರ್ಷ ಲಾರಿಯ ಜೊತೆ ಹೋದವನು
ಲಾರಿಯೂ ಇಲ್ಲ, ಅವನೂ ಇಲ್ಲ.

ಈಗಿನವರು ಸೊಣ್ಣಪ್ಪ. ಬಲಗೈ.
ಕೂಡಿಕೆಯಾಗಿ ಎರಡು ವರ್ಷವಾದರೂ
ಚೊಂಬು ತಾನಾಗಿ ಎಡಕ್ಕೇ ಹೋಗಿ ಕೂರುತ್ತಿತ್ತು.
ಅವರು ಒಂದು ಮಾತಾಡಿದವರಲ್ಲ.
ಕೈ ಅಡ್ಡ ಚಾಚಿ ತೆಗೆದು, ಕುಡಿದು,
ಮತ್ತೆ ಅಲ್ಲೇ ಇಡುತ್ತಿದ್ದರು,
ಪಕ್ಕದ ಮನೆಯ ಸಾಮಾನು ಇಟ್ಟ ಹಾಗೆ.

ನಿನ್ನೆ ರಾತ್ರಿ, ಸುಗುಣಳ ಮಾತು ಕಿವಿಯಲ್ಲಿತ್ತು,
ಬೇಕೆಂದೇ ಬಲಕ್ಕೆ ಇಟ್ಟೆ.
ಗಟ್ಟಿಯಾಗಿ ಇಟ್ಟೆ, ಸದ್ದಾಗಲಿ ಅಂತ.

ಮುದ್ದೆ ಮುರಿಯುತ್ತ, ಟಿವಿ ನೋಡುತ್ತ
ಅವರು ಕೈ ಚಾಚಿದರು
ಎಡಕ್ಕೆ.
ಬರೀ ನೆಲ ಸಿಕ್ಕಿತು.
ಅಲ್ಲೇ ಸ್ವಲ್ಪ ಹೊತ್ತು ತಡವಿದರು.
ಆಮೇಲೆ ನನ್ನ ಮುಖ ನೋಡಿದರು,
ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ.